ಏಕಾದಶಿಯ ಒಣ ಮಾತ್ರೆ

ಹಲಸಿನ ಹಪ್ಪಳದ ಹಿಟ್ಟಿಗೆ ಉಪ್ಪು ಎಷ್ಟು ಎಂದು ನನ್ನ ಅತ್ತೆ ಯಾರಿಗೂ ಹೇಳಿದವರಲ್ಲ. ಮದುವೆಯಾಗಿ ಏಳು ವರ್ಷ ನಾನು ಸೊಳೆ ಬಿಡಿಸಿದೆ, ಬೇಯಿಸಿದೆ, ಒನಕೆಯಲ್ಲಿ ಗುದ್ದಿದೆ. ಉಪ್ಪು ಹಾಕುವ ಹೊತ್ತಿಗೆ ಮಾತ್ರ, "ಹೊರಗೆ ಚಾಪೆ ಹಾಸು ಹೋಗು" ಎಂದು ನನ್ನನ್ನು ಅಟ್ಟುತ್ತಿದ್ದರು. ಆಮೇಲೆ ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನುಂಗಿ, "ಆಯಿತು" ಎನ್ನುವರು. ಮಧೂರಿನ ಹೊಳೆಯ ಈ ಕಡೆ ಅವರ ಹಪ್ಪಳಕ್ಕೆ ಹೆಸರಿತ್ತು.

ಒಂದು ವರ್ಷ ಹಪ್ಪಳದ ದಿನಗಳಲ್ಲೇ ಅವರಿಗೆ ಚಳಿಜ್ವರ ಬಂತು. ಜ್ವರ ಬಿಟ್ಟ ಮರುದಿನವೇ ಎದ್ದು ಬಂದು, ಹಿಟ್ಟು ಬಾಯಿಗೆ ಹಾಕಿ, ನುಂಗಲಾರದೆ ಉಗಿದರು.

"ಎಂತಾಯ್ತು ಅತ್ತೆ?"

"ಎದೆಯ ನಡುವೆ ಕೆಂಡ ಇಟ್ಟ ಹಾಗೆ ಆಗ್ತದೆ. ಎಂತದೋ ಸಿಕ್ಕಿಕೊಂಡು ಉಂಟು."

ಗಂಜಿ ಕುಡಿದರೂ ನೋವು, ನೀರು ಕುಡಿದರೂ ನೋವು, ಬರೀ ಎಂಜಲು ನುಂಗಿದರೂ ನೋವು ಬೆನ್ನಿಗೆ ಹೊಡೆಯುತ್ತಿತ್ತು. ಸಿಕ್ಕಿಕೊಂಡದ್ದು ಇಳಿಯಲಿ ಎಂದು ಕುದಿಯುವ ಜೀರಿಗೆ ಕಷಾಯ ಕುಡಿದರು. ಉರಿ ಇನ್ನೂ ಏರಿತು. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಗೋಡೆಗೆ ಒರಗಿ ಕೂತೇ ತೂಕಡಿಸಿದರು.

ಅವರ ಅಣ್ಣ ತೀರಿಹೋದದ್ದು ಅನ್ನನಾಳದಲ್ಲಿ ಗಡ್ಡೆ ಬೆಳೆದು. ಕೊನೆಗೆ ಒಂದು ಚಮಚ ನೀರೂ ಇಳಿಯುತ್ತಿರಲಿಲ್ಲವಂತೆ. ಮೂರನೆಯ ದಿನ ಅತ್ತೆ ಉಪ್ಪಿನ ಮರಿಗೆಯ ಹತ್ತಿರ ನನ್ನನ್ನು ಕರೆದರು.

"ನೋಡಿಕೋ. ಒಂದು ಸೇರು ಹಿಟ್ಟಿಗೆ ಈ ಚಿಪ್ಪಿನಲ್ಲಿ ಇಷ್ಟು. ನಾನು ಹೋದ ಮೇಲೆ ಕೇಳಿದರೆ ಯಾರು ಹೇಳ್ತಾರೆ?"

ಏಳು ವರ್ಷ ತಿಳಿಯಬೇಕೆಂದಿದ್ದ ಅಳತೆ. "ಉಪ್ಪು ಅಲ್ಲಿಡಿ, ಗಾಡಿ ಕಟ್ಟಿಸ್ತೇನೆ" ಎಂದು ಗದರಿಸಿದೆ.

ಕಾಸರಗೋಡಿನ ಡಾಕ್ಟರರು ಗಂಟಲು ನೋಡಿದರು, ಕುತ್ತಿಗೆ ಒತ್ತಿದರು. ಅಲ್ಲಿ ಏನೂ ಸಿಗಲಿಲ್ಲ. ಆಮೇಲೆ ಕೇಳಲು ತೊಡಗಿದರು.

"ಮೊದಲು ಅನ್ನ ನಿಂತು, ನಿಧಾನಕ್ಕೆ ಗಂಜಿ, ಆಮೇಲೆ ನೀರು, ಹಾಗೋ?"

"ಇಲ್ಲಪ್ಪ. ಎಲ್ಲ ಒಂದೇ ದಿನ."

"ಮೈ ಇಳಿದಿದೆಯಾ?"

"ರವಕೆ ಬಿಗಿಯೇ ಉಂಟು" ಎಂದೆ ನಾನು. ಅತ್ತೆ ನನ್ನನ್ನು ದುರುಗುಟ್ಟಿದರು.

"ಜ್ವರಕ್ಕೆ ಎಂತ ತಿಂದಿರಿ?"

"ಕ್ವಿನೈನ್ ಮಾತ್ರೆ."

"ಎಷ್ಟು ನೀರಿನಲ್ಲಿ?"

ಅತ್ತೆ ಸೆರಗು ಸರಿಮಾಡಿಕೊಂಡರು. ನಾನೇ ಹೇಳಿದೆ. "ಒಂದು ತೊಟ್ಟೂ ಇಲ್ಲ. ಆ ದಿನ ಏಕಾದಶಿ."

"ಮದ್ದಿಗೆ ದೋಷ ಇಲ್ಲ" ಎಂದರು ಅತ್ತೆ. "ನೀರು ಕುಡಿದರೆ ಉಪವಾಸ ಹೋಗ್ತದೆ."

"ನುಂಗಿ ಎಂತ ಮಾಡಿದಿರಿ?"

"ಜ್ವರ ಅಲ್ವಾ? ಮಲಗಿದೆ."

ಡಾಕ್ಟರರು ನಕ್ಕುಬಿಟ್ಟರು. ಒಣ ಮಾತ್ರೆ ಹೊಟ್ಟೆಗೆ ಇಳಿಯದೆ ಅನ್ನನಾಳದಲ್ಲೇ ಅಂಟಿ ಕರಗಿದೆ, ಅಲ್ಲಿ ಸುಟ್ಟು ಹುಣ್ಣಾಗಿ ಬಾತಿದೆ ಎಂದರು. ಗಡ್ಡೆಯಾದರೆ ತಿಂಗಳುಗಟ್ಟಲೆ ಮೆಲ್ಲಗೆ ಬಿಗಿಯುತ್ತದೆ, ಹೀಗೆ ಒಂದೇ ದಿನ ಬರುವುದಿಲ್ಲವಂತೆ. "ಆದರೂ ಮುಂದಿನ ಏಕಾದಶಿಯೊಳಗೆ ನೋವು ಇಳಿಯದಿದ್ದರೆ ಮಂಗಳೂರಿಗೆ ಹೋಗಿ ಎಕ್ಸ್-ರೇ ತೆಗೆಸಬೇಕು." ಎಲೆಯಡಿಕೆಯ ಜೊತೆ ಅತ್ತೆ ಹಾಕುವ ಹೊಗೆಸೊಪ್ಪು, ಉಪ್ಪಿನಕಾಯಿ, ಬಿಸಿ ಕಷಾಯ ಬಂದ್. ಆರಿದ ಗಂಜಿ, ಹಾಲು. ಉಂಡ ಮೇಲೆ ಕೂತಿರಬೇಕು.

ನಾನು ಹೊಗೆಸೊಪ್ಪನ್ನು ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟೆ. ಅವರು ಹುಡುಕಿ ತೆಗೆದರು. ನಾನು ಕೈಯಿಂದ ಕಿತ್ತುಕೊಂಡೆ.

"ನೀನು ನನ್ನ ಅತ್ತೆಯಾ?"

"ಹೌದು, ಏಕಾದಶಿಯವರೆಗೆ."

ಜಗಳವಾಡಲು ಶಕ್ತಿ ಇದೆಯಲ್ಲ ಎಂದು ನನಗೆ ಒಳಗೇ ಸಮಾಧಾನ. ಆದರೆ ಪ್ರತಿ ಗುಟುಕಿಗೂ ಅವರ ಮುಖ ನೋಡುತ್ತಿದ್ದೆ. ಅವರು ಅಣ್ಣನನ್ನು ನೆನೆಯುತ್ತಿದ್ದರೆಂದು ನನಗೆ ಗೊತ್ತಿತ್ತು.

ಏಕಾದಶಿ ಬಂತು. ಒಂದು ಲೋಟ ಆರಿದ ಹಾಲು ಮುಂದಿಟ್ಟೆ. ದೇವರಿಗೆ ಎಂತ ಹೇಳುವುದು ಎಂದರು. ನಾನೇ ಹೇಳಿಕೊಳ್ಳುತ್ತೇನೆ ಎಂದೆ. ಗೋಡೆಯ ಕಡೆ ತಿರುಗಿ ಕುಡಿದರು. ಎದೆಯ ಮೇಲೆ ಕೈಯಿಟ್ಟು ಹಾಗೇ ಕೂತರು.

"ನೋವುಂಟಾ?"

"ಇಳಿದದ್ದೇ ಗೊತ್ತಾಗಲಿಲ್ಲ ಮಾರಾಯ್ತಿ." ಲೋಟ ಚಾಚಿದರು. "ಇನ್ನೂ ಇದ್ದರೆ ಹಾಕು."

ಮರುದಿನ ಹಲಸು ಬೇಯಿಸಿ ಗುದ್ದಿದೆ. ಅತ್ತೆ ಬಂದು ಮರಿಗೆಯ ಹತ್ತಿರ ಕೂತರು.

"ಹೊರಗೆ ಚಾಪೆ ಹಾಸು ಹೋಗು."

"ಅಳತೆ ನನಗೆ ಗೊತ್ತುಂಟಲ್ಲ?"

"ಅದು ಸಾಯುವವಳು ಹೇಳಿದ್ದು. ನಾನು ಹೇಳಲಿಲ್ಲ."

ನಾನು ಹೋಗಿ ಚಾಪೆ ಹಾಸಿದೆ.