ಎಪ್ಪತ್ತೆಂಟಕ್ಕೆ ನಿಂತ ಮುಳ್ಳು

ನನ್ನ ತಂಗಿ ಕಸ್ತೂರಿ ಸಕ್ಕರೆ ಕಾಯಿಲೆಯಿಂದ ಸತ್ತಳು ಎಂದು ಆಸ್ಪತ್ರೆಯವರು ಹೇಳಿದರು. ಗಣಪತಿ ಕರೆಸಿಕೊಂಡ ಎಂದು ಓಣಿಯವರು ಹೇಳಿದರು. ಎರಡೂ ಸುಳ್ಳು. ತೂಕದ ಮುಳ್ಳು ಇಳಿಯಲಿಲ್ಲವೆಂದು ಅವಳು ಊಟ ಬಿಟ್ಟಳು, ಸತ್ತಳು.

ಇದು 2003ರ ಶ್ರಾವಣದ ಮಾತು. ನಾವಿಬ್ಬರೂ ಇಂಡಿ ಕಡೆಯಿಂದ ಗಂಡಂದಿರ ಹಿಂದೆ ಪುಣೆಗೆ ಬಂದವರು. ಹಡಪಸರದ ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಹೊತ್ತು ಕಸ್ತೂರಿಯ ಮೊಣಕಾಲು ಹೋಗಿದ್ದವು. ಚಾಳಿನ ಕೊನೆಯ ಸಂಡಾಸಕ್ಕೆ ಹೋಗಬೇಕಾದರೂ ಮಗಳು ರೇಖಾ ತೋಳು ಹಿಡಿಯಬೇಕು. ಧರ್ಮಾಸ್ಪತ್ರೆಯ ಡಾಕ್ಟರಬಾಯಿ, ತೂಕ ಎಪ್ಪತ್ತು ಕಿಲೋಗೆ ಬಂದರೆ ಮಾತ್ರ ಮೊಣಕಾಲಿನ ಆಪರೇಶನ್ ಎಂದರು.

ಮೊದಮೊದಲು ಚೆನ್ನಾಗಿಯೇ ಇಳಿಯಿತು. ಚಹಾದ ಸಕ್ಕರೆ ಬಿಟ್ಟಳು, ಅನ್ನ ಅರ್ಧ ಮಾಡಿದಳು. ಕುಬಸ ಸಡಿಲಾದದ್ದನ್ನು ಎಲ್ಲರಿಗೂ ಜಗ್ಗಿ ತೋರಿಸುತ್ತಿದ್ದಳು. "ಅಕ್ಕಾ, ದೀಪಾವಳಿಗೆ ನಳದ ನೀರು ನಾನೇ ತರ್ತೀನಿ, ನೀ ನೋಡ್ಕೋತ ಕೂಡು" ಎನ್ನುವಳು.

ಆಮೇಲೆ ಎಪ್ಪತ್ತೆಂಟಕ್ಕೆ ನಿಂತಿತು. ಅವಳ ಗಂಡ ತೂಕದ ಕಾಟಾ ತಂದು ಮಂಚದ ಕೆಳಗೆ ಇಟ್ಟಿದ್ದ. ಕಸ್ತೂರಿಗೆ ಬಗ್ಗಿ ನೋಡಲು ಆಗದು. ದಿನಾ ಬೆಳಿಗ್ಗೆ ಅವಳು ಅದರ ಮೇಲೆ ನಿಲ್ಲುವುದು, ರೇಖಾ ನೆಲಕ್ಕೆ ಕೂತು ಓದಿ ಹೇಳುವುದು. ಎಪ್ಪತ್ತೆಂಟು. ಮರುದಿನವೂ ಅದೇ. ತಿಂಗಳಾದರೂ ಅದೇ.

"ಕದ್ದು ತಿಂತಿ, ಇನ್ನೇನು" ಎಂದ ಗಂಡ. "ಆ ಮುಳ್ಳಿಗೇನು ನಿನ್ನ ಮ್ಯಾಲ ಸಿಟ್ಟದ?"

ಇವಳು ಅಂದಿನಿಂದ ಒಂದು ಹೊತ್ತಿನ ಊಟ ಬಿಟ್ಟಳು. ಮುಳ್ಳು ಅಲ್ಲಾಡಲಿಲ್ಲ. ಸೋಮವಾರ, ಗುರುವಾರ ಉಪವಾಸ ಹಿಡಿದಳು. ಆಮೇಲೆ ಸಂಕಷ್ಟಿಯನ್ನೂ ಹಿಡಿದಳು. ದಿನವೆಲ್ಲ ಉಪವಾಸವಿದ್ದು ಚಂದ್ರನನ್ನು ನೋಡಿ ಉಣ್ಣುವ ಗಣಪತಿಯ ಈ ವ್ರತ ನಮ್ಮ ಮನೆತನದಲ್ಲಿ ಇರಲಿಲ್ಲ, ಪುಣೆಯ ಹೆಂಗಸರನ್ನು ನೋಡಿ ಕಲಿತದ್ದು. ಅವರು ನಡುವೆ ಸಾಬೂದಾಣಿ ಖಿಚಡಿ ತಿನ್ನುತ್ತಾರೆ. ಇವಳು ಅದನ್ನೂ ಮುಟ್ಟಲಿಲ್ಲ.

ಆ ಶ್ರಾವಣದ ಸಂಕಷ್ಟಿಯ ದಿನ ಆಕಾಶದ ತುಂಬ ಮೋಡ. ಪಂಚಾಂಗದ ಹೊತ್ತು ನೋಡಿ ಚಾಳಿನವರೆಲ್ಲ ಉಂಡರು. ನಾನು ಜೋಳದ ಭಕ್ರಿ, ಪಲ್ಯ ಹಿಡಿದು ಅವಳ ಮನೆಗೆ ಹೋದೆ.

"ಚಂದ್ರ ಕಂಡಿಲ್ಲ ಅಕ್ಕಾ, ಹೆಂಗ ಉಣ್ಲಿ?"

"ಮೋಡದ ಹಿಂದ ಇದ್ದೇ ಅದಾನ. ಎಲ್ಲಾರೂ ಉಂಡ್ರು. ನೀ ಒಬ್ಬಾಕಿನೇ ಭಾಳ ಮಡಿವಂತಿ ಏನು?"

"ಉಂಡ್ರ ನಾಳಿ ಮತ್ತ ಎಪ್ಪತ್ತೆಂಟೇ ಬರ್ತದ" ಎಂದಳು. ಖರೆ ಮಾತು ಅಲ್ಲಿ ಹೊರಬಿತ್ತು. ಎಷ್ಟು ಬೈದರೂ ಕೇಳಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ನೀರು ಕುಡಿದು ಮಲಗಿದಳು. ಗುಳಿಗೆ ತಪ್ಪಿಸಬಾರದು ಎಂದು ಡಾಕ್ಟರಬಾಯಿ ಹೇಳಿದ್ದು ಅವಳಿಗೆ ನೆನಪಿತ್ತು. ಉಣ್ಣದೆ ಗುಳಿಗೆ ನುಂಗಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ರೇಖಾ ಚೀರಿದ್ದು ಕೇಳಿ ಓಡಿದೆ. ಕಸ್ತೂರಿಯ ಮೈಯೆಲ್ಲ ಬೆವೆತು ಹಾಸಿಗೆ ತೊಯ್ದಿತ್ತು. ಎಷ್ಟು ಅಲುಗಿಸಿದರೂ ಕಣ್ಣು ತೆರೆಯಲಿಲ್ಲ. ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ಹಾಕಿಕೊಂಡು ಅದೇ ಧರ್ಮಾಸ್ಪತ್ರೆಗೆ ಒಯ್ದೆವು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಡಾಕ್ಟರಬಾಯಿ ಹೊರಗೆ ಬಂದು ಮರಾಠಿಯಲ್ಲಿ ಹೇಳಿದರು: "ತೂಕ ಹೀಗೆ ನಡುವೆ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ಬಾಯಿ. ಕೆಲವು ದಿನ ನಿಂತು ಮತ್ತೆ ಇಳಿಯುತ್ತದೆ. ಗುಳಿಗೆ ನುಂಗುವವರು ಊಟ ಬಿಡಬಾರದಿತ್ತು, ರಕ್ತದ ಸಕ್ಕರೆ ತೀರ ಇಳಿದುಬಿಡುತ್ತದೆ."

"ಇದನ್ನು ಆಕೆಗೆ ಹೇಳಿದ್ದಿರೇನು?" ಎಂದು ನನಗೆ ಬರುವ ಮರಾಠಿಯಲ್ಲೇ ಕೇಳಿದೆ.

"ಅವರು ನನ್ನನ್ನು ಕೇಳಲಿಲ್ಲವಲ್ಲ" ಎಂದರು.

ಮಣ್ಣು ಮಾಡಿ ಬಂದ ಮೇಲೆ ರೇಖಾ ಒಂದೇ ಮಾತು ಹಿಡಿದು ಕೂತಳು. "ದೊಡ್ಡವ್ವಾ, ನಾ ಒಂದ್ ಕಿಲೋ ಕಮ್ಮಿ ಹೇಳಿದ್ರ ಅವ್ವ ಉಣ್ತಿದ್ಲು. ನಾ ಯಾಕ ಖರೆ ಹೇಳಿದೆ?"

"ನಿಂದೇನು ತಪ್ಪದ? ಇದ್ದದ್ದು ಹೇಳಿದಿ" ಎಂದೆ. ಅವಳಿಗದು ನಾಟಲಿಲ್ಲ. ಈಗ ನನಗೆ ಮೊಮ್ಮಕ್ಕಳಿದ್ದಾರೆ, ಮೊಮ್ಮಗಳೊಬ್ಬಳು ಕನ್ನಡಿ ಮುಂದೆ ಹೊಟ್ಟೆ ಹಿಡಿದು ನೋಡಿಕೊಳ್ಳುತ್ತಾಳೆ. ಮೈ ಇಳಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಮುಳ್ಳು ನಿಂತರೆ ನಿಲ್ಲಲಿ, ನೀನು ಉಣ್ಣು, ನಡಿ, ಡಾಕ್ಟರನ್ನು ಬಾಯಿ ಬಿಟ್ಟು ಕೇಳು ಎನ್ನುತ್ತೇನೆ.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಕಸ್ತೂರಿಯ ಮನೆಯಲ್ಲಿ ಸೂತಕವೆಂದು ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮರಾಠಿ ಬಾಯಿ ಭಕ್ರಿ, ಕಡಲೆ ಹಿಟ್ಟಿನ ಝುಣಕ ತಂದಿಟ್ಟಿದ್ದಳು. ನಾನು ಹೋದಾಗ ರೇಖಾ ದಿನಾ ತೂಗುವ ಹೊತ್ತಿಗೆ ಸರಿಯಾಗಿ ಕಾಟಾ ಎಳೆದಿಟ್ಟು, ಅದರ ಮುಂದೆ ನೆಲಕ್ಕೆ ಕೂತಿದ್ದಳು. ಕಾಟಾದ ಮೇಲೆ ಯಾರೂ ಇರಲಿಲ್ಲ. ನಾನು ಭಕ್ರಿ ಮುರಿದು ಅವಳ ಬಾಯಿಗೆ ಇಟ್ಟೆ, ಒಂದು ಪೂರ್ತಿ ಮುಗಿಯುವ ತನಕ ಏಳಲು ಬಿಡಲಿಲ್ಲ. ಆಮೇಲೆ ಹೊರಗೆ ಹಳೇ ಕಬ್ಬಿಣ ಕೊಳ್ಳುವ ಭಂಗಾರದವನ ಕೂಗು ಕೇಳಿಸಿತು. ಕಾಟಾ ಎತ್ತಿಕೊಂಡು ಹೋಗಿ ಅವನಿಗೆ ಕೊಟ್ಟೆ. ಅವನು ಅದನ್ನು ತನ್ನ ತಕ್ಕಡಿಯಲ್ಲಿಟ್ಟು ತೂಗಿದ. ಎಷ್ಟು ಬಂತೆಂದು ನಾನು ನೋಡಲಿಲ್ಲ.