ಮುತ್ಯಾನ ಮಗ್ಗದ ಕುಣಿ

ನಾನು ಚಿಕ್ಕವಳಿದ್ದಾಗ ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಓಣಿಯ ಮಕ್ಕಳನ್ನು ಎಬ್ಬಿಸಲು ತಾಯಂದಿರು ಕೂಗಬೇಕಿರಲಿಲ್ಲ. ಮಗ್ಗಗಳ ಸಪ್ಪಳವೇ ಸಾಕಿತ್ತು. ಎಲ್ಲರ ಮನೆಗೂ ವಿದ್ಯುತ್ ಮಗ್ಗ ಬಂದಿದ್ದರೂ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕೈಮಗ್ಗ ಬಿಟ್ಟಿರಲಿಲ್ಲ. ಪಡಸಾಲೆಯ ನೆಲದಲ್ಲಿ, ಮಗ್ಗದ ಕೆಳಗೆ, ಸೊಂಟದಾಳದ ಒಂದು ಕುಣಿ, ಅಂದರೆ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ ಸೀರೆ ನೇಯುತ್ತಿದ್ದ. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಅವನ ಧೋತರಕ್ಕೂ ಹತ್ತಿರುತ್ತಿತ್ತು. ಅವನು ಊಟಕ್ಕೆ ಎದ್ದರೆ ಸಾಕು, ಕಣ್ಣುಮುಚ್ಚಾಲೆ ಆಡುವ ನಾವು ಆ ಕುಣಿಗೆ ಇಳಿದು ಅಡಗುತ್ತಿದ್ದೆವು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತಿತ್ತು.

ಒಂದು ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಾಲೆ ಉಕ್ಕಿ ಓಣಿಗೆ ಬಂತು. ಅಪ್ಪನ ತಮ್ಮ, ನಮ್ಮ ಕಾಕಾ, ಬಾಗಿಲಿಗೆ ಹಲಗೆ ಅಡ್ಡ ಕೊಟ್ಟು, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಉಸುಕಿನ ಚೀಲ ಪೇರಿಸಿದ. "ಇನ್ನ ಗಂಗವ್ವ ಹೆಂಗ ಬರ್ತಾಳ ನೋಡೂಣು!" ಎಂದು ಮೀಸೆ ತಿರುವಿದ. ಅವ್ವ ಚುರುಮುರಿಗೆ ಒಗ್ಗರಣೆ ಹಾಕಿ ಕೊಟ್ಟಳು. ಹೊಸ್ತಿಲಾಚೆ ಮೊಣಕಾಲುದ್ದ ನೀರು. ಒಳಗೆ ನಾವು ಗೆದ್ದವರ ಹಾಗೆ ಕೂತು ತಿಂದೆವು.

ಆಗ ಬೆನ್ನ ಹಿಂದೆ ಗುಳುಗುಳು ಸಪ್ಪಳವಾಯಿತು. ತಿರುಗಿ ನೋಡಿದರೆ ಕುಣಿಯಲ್ಲಿ ಕರಿ ನೀರು. ನಾವು ಬಾಗಿಲು ಕಾಯುತ್ತಿದ್ದರೆ ಅದು ನೆಲದೊಳಗಿಂದ ಎದ್ದು ಬರುತ್ತಿತ್ತು. ಅವ್ವನೂ ಕಾಕಾನೂ ಕೊಡದಿಂದ ಎಷ್ಟು ಮೊಗೆದು ಚೆಲ್ಲಿದರೂ ಮತ್ತೆ ಅಷ್ಟೇ. ಕುಣಿಯ ಪಕ್ಕದ ಮಣ್ಣಿನ ಗೋಡೆ ನೆನೆದು ಬುಡದಲ್ಲಿ ಉದುರತೊಡಗಿತು.

"ಅಪ್ಪಾ, ಕುಣಿ ಮುಚ್ಚೂಣು. ಇಲ್ಲಾಂದ್ರ ಗ್ವಾಡಿ ಬೀಳ್ತೈತಿ," ಎಂದ ಕಾಕಾ.

"ಮುಚ್ಚಿದ್ರ ನಾ ಎಲ್ಲಿ ಕುಂದರ್ಲೋ?"

"ಮನಿ ಬಿದ್ರ ಎಲ್ಲಾರೂ ಎಲ್ಲಿ ಕುಂದ್ರೂದು?"

ಮುತ್ಯಾ ಎದ್ದು ಅರ್ಧ ನೇಯ್ದ ಸೀರೆಯನ್ನು ತಾನೇ ಮಗ್ಗದಿಂದ ಕತ್ತರಿಸಿ ತೆಗೆದ. ನೀರಿಗೆ ವಿಭೂತಿ ಉದುರಿಸಿ ಮೊದಲ ಹಿಡಿ ಮಣ್ಣು ಹಾಕಿದ. "ನೀನೂ ಹಾಕ ಬಾ ತಂಗಿ," ಎಂದು ನನ್ನನ್ನು ಕರೆದ. ಮನೆಯವರೆಲ್ಲ ಒಂದೊಂದು ಹಿಡಿ ಹಾಕಿದೆವು. ಸತ್ತವರಿಗೆ ಹಾಗೆ ಹಾಕುವುದನ್ನು ನಾನು ನೋಡಿದ್ದೆ, ಹೆದರಿ ಅತ್ತುಬಿಟ್ಟೆ. ಉಳಿದದ್ದನ್ನು ಕಾಕಾ ಹಿತ್ತಲ ದಿಬ್ಬದ ಕಲ್ಲುಮಣ್ಣು ತಂದು ತುಂಬಿದ.

ಗೋಡೆ ನಿಂತಿತು, ಮನೆ ಉಳಿಯಿತು. ಮುತ್ಯಾನೂ ಇನ್ನೂ ಕೆಲವು ವರ್ಷ ಇದ್ದ. ಆದರೆ ಗೋಡೆಯ ಭಯಕ್ಕೆ ಕುಣಿಯನ್ನು ಮತ್ತೆ ತೋಡಲಿಲ್ಲ, ಅವನು ಮತ್ತೆ ನೇಯಲಿಲ್ಲ. ಮುಚ್ಚಿದ ಜಾಗದ ಮುಂದೆ ಗೋಡೆಗೆ ಒರಗಿ ಕೂರುತ್ತಿದ್ದ. ಕಾಲುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದಾದ ಮೇಲೊಂದು ನೆಲವನ್ನು ತುಳಿಯುತ್ತಿದ್ದವು.

"ಮುತ್ಯಾ, ಏನ್ ಮಾಡಾಕತ್ತಿ?"

"ಏನಿಲ್ಲವ್ವಾ," ಎನ್ನುತ್ತಿದ್ದ. ಕಾಲು ನಿಲ್ಲುತ್ತಿರಲಿಲ್ಲ.

ಈಗ ಅಲ್ಲಿ ಟೈಲ್ಸ್ ಹಾಸಿದೆ. ನೇಯಲು ಬರುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಈ ಸಲದ ಮಳೆಗೂ ಓಣಿಗೆ ನೀರು ಬಂತು, ಒಳಗೆ ಹನಿಯೂ ಬರಲಿಲ್ಲ. ಎಲ್ಲರೂ ನಿಶ್ಚಿಂತೆಯಿಂದ ಟಿ.ವಿ. ನೋಡುತ್ತಿದ್ದರು. ನಾನೊಬ್ಬಳು ಬಗ್ಗಿ ಕುಣಿ ಇದ್ದ ಜಾಗಕ್ಕೆ ಅಂಗೈ ಹಚ್ಚಿ ನೋಡಿದೆ. ಒಣಗಿತ್ತು. ಒಂಚೂರು ಒದ್ದೆಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.