ಜಿರಳೆಯ ಹೊಸ ಕಾಲು

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಸರ್ ಒಂದು ಎಳೆಯ ಜಿರಳೆಯ ಕಾಲು ಕತ್ತರಿಸಿ, ಹುಳವನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ‘ಮನ್ಯಾಗ ಇಟ್ಟು ನೋಡೋ, ಏನಾಗತೈತಿ’ ಎಂದು ಕೊಟ್ಟರು. ಅದು ಒದ್ದೆ ರೊಟ್ಟಿ ತಿಂದು ಅದರ ಮೇಲೆಯೇ ಹೇತಿತು. ಪೊರೆ ಕಳಚಿ ಆ ಪೊರೆಯನ್ನೂ ತಿಂದಿತು. ನನಗೆ ವಾಕರಿಕೆ.

ಮನೆಯಲ್ಲಿ ಇನ್ನೊಂದು ಹೇಸಿಗೆ ಮೊದಲೇ ಇತ್ತು: ರಾಮದುರ್ಗದ ನಾಟಿ ವೈದ್ಯನ ಎಣ್ಣೆ. ಕೂಸಿದ್ದಾಗ ಪೋಲಿಯೊ ಬಂದು ಬತ್ತಿದ ಅಕ್ಕನ ಎಡಗಾಲಿಗೆ ಅವ್ವ ದಿನಾ ಸಂಜೆ ಅದನ್ನು ತಿಕ್ಕುತ್ತಿದ್ದಳು. ಕೊಳೆತ ಬೆಳ್ಳುಳ್ಳಿ, ಸುಟ್ಟ ಕೂದಲು, ಇನ್ನೇನೋ ಸತ್ತದ್ದು. ಅನ್ನಕ್ಕೂ ಅದೇ ನಾತ.

ಅಕ್ಕ ಬಾಟಲಿಯ ಮುಂದಿಂದ ಏಳುತ್ತಲೇ ಇರಲಿಲ್ಲ. ಇಲ್ಲ, ಹೀಗೆ ಹಿಗ್ಗಿಸಿ ಹೇಳುವುದು ನೆನಪಿನ ಹೊಲಸು ಚಾಳಿ. ಆಗೀಗ ಇಣುಕಿರಬೇಕು, ಅಷ್ಟೇ.

ಮುಂದೊಮ್ಮೆ ಪೊರೆ ಬಿಟ್ಟಾಗ ಮೋಟು ಜಾಗದಲ್ಲಿ ಬೆಳ್ಳಗಿನ ಸಣ್ಣ ಕಾಲು. ಅದು ಅಲುಗಿತು.

‘ನೋಡೋ ತಮ್ಮಾ,’ ಅವ್ವ ಹಿಗ್ಗಿದಳು, ‘ಹುಳಕ್ಕ ಬರತೈತಿ ಅಂದ್ರ ನನ್ನ ಮಗಳಿಗೆ ಯಾಕ ಬರಂಗಿಲ್ಲ? ಇನ್ನೆರಡು ಬಾಟ್ಲಿ ಎಣ್ಣಿ ತರಸ್ತೇನಿ.’

‘ಇನ್ನೂ ಎರಡಾ?’ ಅಕ್ಕ ನನ್ನತ್ತ ತಿರುಗಿದಳು. ‘ಶಾಣ್ಯಾ, ನಿಮ್ಮ ಸರ್‌ನ ಕೇಳಿ ಬಾ. ನನ್ನ ಕಾಲಿಗೂ ಹಿಂಗ ಆಗತೈತೇನು? ಸುಳ್ಳ ಮಾತ್ರ ಹೇಳಬ್ಯಾಡ.’

ಸರ್ ತಿಳಿಸಿ ಹೇಳಿದರು. ಜಿರಳೆಯ ಕಾಲು ಆಡಿಸುವ ನರಕೋಶ ಇರುವುದು ಕಾಲಿನಲ್ಲಲ್ಲ, ಎದೆಯ ನರಗಂಟಿನಲ್ಲಿ. ಮೊಟ್ಟೆಯೊಳಗಿದ್ದಾಗಲೇ ಅದು ಬೆಳೆಯುತ್ತಿರುವ ಕಾಲಿನೊಳಕ್ಕೆ ಎಳೆ ಚಾಚಿ, ತನ್ನ ಸ್ನಾಯುವನ್ನು ಹುಡುಕಿ ಕೂಡಿಕೊಂಡಿರುತ್ತದೆ. ಕಾಲು ಕತ್ತರಿಸಿದರೂ ಕೋಶ ಬದುಕಿರುವುದರಿಂದ ಹೊಸ ಕಾಲಿಗೆ ಮತ್ತೆ ಎಳೆ ಚಾಚುತ್ತದೆ. ಪೋಲಿಯೊ ಕೊಲ್ಲುವುದು ನಮ್ಮ ಕಾಲು ಆಡಿಸುವ, ಬೆನ್ನುಹುರಿಯೊಳಗಿನ ಕೋಶವನ್ನೇ. ಸತ್ತದ್ದು ಚಾಚುವುದಿಲ್ಲ.

ಮನೆಗೆ ಬಂದಾಗ ಅವ್ವ ಎಣ್ಣೆ ಹಚ್ಚಲು ಕುಳಿತಿದ್ದಳು. ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ಅಕ್ಕ ಅತ್ತಳೇ? ನೆನಪು ಕಣ್ಣೀರು ತಂದಿಡುತ್ತದೆ, ನಾನು ತೆಗೆದುಕೊಳ್ಳುವುದಿಲ್ಲ. ಅವಳು ಎರಡೂ ಕೈಯಿಂದ ಕಾಲೆತ್ತಿ ಅವ್ವನ ತೊಡೆಯಿಂದ ಕೆಳಗಿಟ್ಟಳು.

‘ಇನ್ನ ಸಾಕವ್ವಾ.’

ಅವ್ವ ಎಣ್ಣೆಗೈಯನ್ನು ಹಾಗೇ ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ಕೈ ತಿಕ್ಕಿದಳು, ಮೂಸಿದಳು, ಮತ್ತೆ ತಿಕ್ಕಿದಳು. ಓಕರಿಸಿದ ಸಪ್ಪಳ ಒಳಗಿನವರೆಗೂ ಕೇಳಿತು.

‘ಯವ್ವಾ, ನಿನಗೂ ಹೇಸಿಗಿ ಬರತಿತ್ತೇನ?’ ಅಕ್ಕ ಕೂಗಿದಳು.

‘ಮತ್ತ? ನನಗೇನ ಮೂಗಿಲ್ಲೇನ?’